ಮೊದಲ ಸಾಲಿಗೆ ಇಳಿಯದ ಚಿಗವ್ವ

ಟೊಮೆಟೊ ಗಿಡದ ಎಲೆಯನ್ನು ಒಮ್ಮೆ ಹೊಸಕಿದರೆ ಸಾಕು, ಆ ಒಗರು ವಾಸನೆ ಸಾಬೂನಿಗೂ ಬಗ್ಗುವುದಿಲ್ಲ. ಕಳೆದ ತಿಂಗಳು ರಾಣೇಬೆನ್ನೂರಿನಲ್ಲಿ ನಡೆದ ಸಮಾರಂಭವೊಂದಕ್ಕೆ ನಮ್ಮ ಶಾಲೆಯ ಹುಡುಗಿಯರನ್ನು ಸ್ವಾಗತದ ಹಾಡು, ವಂದನೆಯ ಹಾಡು ಹಾಡಿಸಲು ಕರೆದುಕೊಂಡು ಹೋಗಿದ್ದೆ. ವೇದಿಕೆಯ ಮೆಟ್ಟಿಲ ಪಕ್ಕ ಕುಂಡಗಳಲ್ಲಿ ಟೊಮೆಟೊ ಗಿಡಗಳನ್ನು ಇಟ್ಟಿದ್ದರು. ಹಾದುಹೋಗುವಾಗ ಸುಮ್ಮನೆ ಒಂದು ಎಲೆಗೆ ಕೈ ತಾಗಿಸಿದೆ. ಬೆರಳನ್ನು ಮೂಗಿನ ಹತ್ತಿರ ತಂದದ್ದೇ ತಡ, ಹಳೆಯ ಹೊಲವೊಂದು ಕಣ್ಣ ಮುಂದೆ ಬಂತು...

ಆ ದಿನ ಸನ್ಮಾನವಿದ್ದದ್ದು ನಮ್ಮ ಕುಪ್ಪೇಲೂರಿನ ಸಾಹುಕಾರರಿಗೆ. ಬೀಜೋತ್ಪಾದನೆಯಲ್ಲಿ ಹೆಸರು ಮಾಡಿದ ಸಾಹಸಿ ರೈತ ಎಂದು ಶಾಲು ಹೊದಿಸಿದರು. ಹೊರಗಿನಿಂದ ಬಂದಿದ್ದ ಭಾಷಣಕಾರರೊಬ್ಬರು, ಅಪಾಯಕ್ಕೆ ಎದೆಗೊಡುವವರ ಗುಣಗಳು ಯಾವುವೆಂದು ಅರ್ಧ ಗಂಟೆ ಬಿಡಿಸಿ ಹೇಳಿದರು. ಅಂಥವರಿಗೆ ಹೆದರಿಕೆ ಎಂಬುದೇ ಇರುವುದಿಲ್ಲವಂತೆ. ಅವರು ಹಿಂದೆ ಮುಂದೆ ನೋಡುವುದಿಲ್ಲವಂತೆ, ಕಳೆದುಕೊಳ್ಳಲು ಸದಾ ತಯಾರಂತೆ. ಸಾಹುಕಾರರು ಹಾರದ ಮೇಲಿನಿಂದ ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಿತ್ತುವ ಮೊದಲೇ ಕಂಪನಿಯ ಜೊತೆ ಬೀಜಕ್ಕೆ ಬೆಲೆ ಗೊತ್ತುಮಾಡಿಕೊಂಡು ಕೂತ ಈ ಮನುಷ್ಯ ಯಾವ ಅಪಾಯಕ್ಕೆ ಎದೆ ಕೊಟ್ಟಿದ್ದ? ಎದೆ ಕೊಟ್ಟವಳು ಯಾರೆಂದು ನನಗೆ ಗೊತ್ತಿತ್ತು. ಆಕೆಯ ಹೆಸರನ್ನು ಆ ವೇದಿಕೆಯ ಮೇಲೆ ಯಾರೂ ಎತ್ತುವವರಿರಲಿಲ್ಲ.

ಆಕೆ ನಮ್ಮ ಎದುರುಮನೆಯವಳು. ರಕ್ತಸಂಬಂಧವೇನೂ ಇಲ್ಲದಿದ್ದರೂ ನಾನು ಚಿಗವ್ವ ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಶಾಲೆಗೆ ಹೋಗುತ್ತಿದ್ದಳು. ನಮ್ಮ ಓಣಿಯಲ್ಲಿ ಚಿಗವ್ವನಷ್ಟು ಅಂಜುಬುರುಕಿ ಇನ್ನೊಬ್ಬರಿರಲಿಲ್ಲ. ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಮುಂದೆ ರಸ್ತೆ ದಾಟಬೇಕಾದರೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುವಳು. ಸಂಕ್ರಾಂತಿಗೆ ಐರಣಿಯ ಹೊಳೆಗೆ ಹೋದರೆ ನಾವೆಲ್ಲ ಎದೆಮಟ್ಟ ನೀರಿಗೆ ಇಳಿಯುತ್ತಿದ್ದೆವು, ಆಕೆ ಮಾತ್ರ ದಂಡೆಯಲ್ಲೇ ಕೂತು ಚೆಂಬಿನಿಂದ ಮೈಮೇಲೆ ನೀರು ಹಾಕಿಕೊಳ್ಳುವಳು. ಗುಡುಗಿದರೆ ಕಿವಿ ಮುಚ್ಚಿಕೊಂಡು ನಮ್ಮ ಮನೆಗೆ ಓಡಿ ಬರುವಳು. ನಾವು ಆಡಿಕೊಂಡು ನಕ್ಕರೆ ತಾನೂ ನಗುತ್ತಿದ್ದಳು.

ಇಷ್ಟೆಲ್ಲ ಅಂಜುತ್ತಿದ್ದವಳು ಕೆಲಸದಲ್ಲಿ ಮಾತ್ರ ಎಲ್ಲರಿಗಿಂತ ಮುಂದು. ಸಾಹುಕಾರರ ಹೊಲದಲ್ಲಿ ಟೊಮೆಟೊ ಬೀಜದ ಪ್ಲಾಟು ಇತ್ತು. ಸಂಜೆ ಹೊತ್ತು ಅರೆಬಿರಿದ ಮೊಗ್ಗಿನೊಳಗಿನ ಕೇಸರವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಅದೇ ಹೂವಿಗೆ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಿದ್ದೆವು. ಪರಾಗ ಹಾಕಿಕೊಳ್ಳಲು ಸಣ್ಣ ಕುಳಿಯಿರುವ ಪ್ಲಾಸ್ಟಿಕ್ ಉಂಗುರವೊಂದನ್ನು ಬೆರಳಿಗೆ ಹಾಕಿಕೊಂಡು, ಒಂದೊಂದೇ ಹೂವನ್ನು ಬಗ್ಗಿಸಿ ಅದರಲ್ಲಿ ಅದ್ದಬೇಕು. ನಮ್ಮ ಕಡೆ ಒಂದು ಪದ್ಧತಿಯಿತ್ತು. ಗುಂಪಿನಲ್ಲಿ ಕೈ ಪಳಗಿದ ಹಿರಿಯಳು ಮೊದಲು ಉಂಗುರ ತೊಟ್ಟು ಮೊದಲ ಸಾಲಿಗೆ ಇಳಿಯಬೇಕು. ಆಕೆ ಇಳಿಯದೆ ಉಳಿದವರು ಇಳಿಯುವಂತಿರಲಿಲ್ಲ. ನಮ್ಮ ಗುಂಪಿನಲ್ಲಿ ಮೊದಲ ಸಾಲು ಚಿಗವ್ವನದು.

ಆಗ ನಾನು ಪಿಯುಸಿ ಓದುತ್ತಿದ್ದೆ, ಆ ವರ್ಷ ನನ್ನ ಇಂಗ್ಲಿಷ್ ಹೋಗಿತ್ತು. ಮನೆಯಲ್ಲಿ ಕೂತು ಬೈಸಿಕೊಳ್ಳುವುದಕ್ಕಿಂತ ವಾಸಿಯೆಂದು ನಾನೂ ಕ್ರಾಸಿಂಗಿಗೆ ಸೇರಿದೆ. ಚಿಮಟ ಹಿಡಿಯುವುದನ್ನು ಕಲಿಸಿದ್ದು ಚಿಗವ್ವನೇ. ನಾನು ಹೂವಿನ ಕತ್ತು ಮುರಿದಾಗಲೆಲ್ಲ "ಸಾವಕಾಶ ವಾ, ಹೂವಿಗೆ ಗೊತ್ತಾಗಬಾರದು" ಎನ್ನುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಗಿಡಗಳಿಗೆ ಹುಳ ಬಿತ್ತು. ಸಾಹುಕಾರರು ಎಣ್ಣೆ ಹೊಡೆಸಿದರು. ನಮ್ಮಲ್ಲಿ ಔಷಧಿ ಸಿಂಪಡಿಸುವುದಕ್ಕೆ ಹಾಗೇ ಹೇಳುವುದು. ಮರುದಿನ ಬೆಳಿಗ್ಗೆ ನಾವು ಎಂದಿನಂತೆ ಇಳಿದೆವು. ಹೊತ್ತು ಏರುವುದರೊಳಗೆ ಕೆಳಗಿನ ಓಣಿಯ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡು ಗಿಡಗಳ ನಡುವೆಯೇ ಬಿದ್ದಳು. ಟ್ರ್ಯಾಕ್ಟರಿನಲ್ಲಿ ರಾಣೇಬೆನ್ನೂರಿಗೆ ಒಯ್ದರು, ಹೇಗೋ ಉಳಿದುಕೊಂಡಳು. ಮುಂಜಾನೆ ಏನೂ ತಿನ್ನದೆ ಬಂದರೆ ಹೀಗೇ ಆಗುವುದು ಎಂದು ಸಾಹುಕಾರರು ನಮಗೇ ಬುದ್ಧಿ ಹೇಳಿದರು. ಅವಳು ಎರಡು ರೊಟ್ಟಿ ತಿಂದು ಬಂದದ್ದನ್ನು ನಾನೇ ಕಂಡಿದ್ದೆ, ಆದರೂ ಬಾಯಿ ಬಿಡಲಿಲ್ಲ. ಚಿಗವ್ವ ಮಾತ್ರ ಸಾಹುಕಾರರ ಮನೆಗೇ ಹೋಗಿ, ಎಣ್ಣೆ ಹೊಡೆದ ಮರುದಿನ ಹುಡುಗಿಯರಿಗೆ ರಜೆ ಕೊಡಿರೆಂದು ಕೇಳಿದಳು. ಒಂದು ಸಲವಲ್ಲ, ಮೂರು ಸಲ. ಅವರು ಆಗಲಿ ಆಗಲಿ ಎಂದರು.

ಹತ್ತು ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಬದುವಿನ ಮೇಲೆ ಕಾಲಿಡುತ್ತಲೇ ಆ ಘಾಟು ಮೂಗಿಗೆ ಬಡಿಯಿತು. ಹಿಂದಿನ ಸಂಜೆ ನಾವು ಮನೆಗೆ ಹೋದ ಮೇಲೆ ಮತ್ತೆ ಹೊಡೆಸಿದ್ದರು. ಎಲೆಗಳ ಮೇಲೆ ಬಿಳಿ ಹನಿ ಇನ್ನೂ ಆರಿರಲಿಲ್ಲ. ಚಿಗವ್ವ ಉಂಗುರ ತೊಟ್ಟು, ಬದುವಿನ ಮೇಲಿದ್ದ ಸಾಹುಕಾರರ ಎದುರು ಸಾಲಿನ ತುದಿಯಲ್ಲಿ ನಿಂತಳು. ನಿಂತೇ ಇದ್ದಳು.

"ನಾ ಇಳಿಯಂಗಿಲ್ರಿ ಸಾವ್ಕಾರ್ರ" ಎಂದಳು. ಗುಡುಗಿದಾಗ ನಮ್ಮ ಮನೆಗೆ ಓಡಿ ಬರುವಾಗಿನ ದನಿಯೇ ಅದು. "ಈ ಹುಡುಗ್ಯಾರನ್ನೂ ಇಳಸಂಗಿಲ್ಲ. ವಾಸನಿ ಇನ್ನಾ ಹೋಗಿಲ್ಲ."

"ಇವತ್ತ ಪರಾಗ ಮುಟ್ಟಸದಿದ್ರ ಇಷ್ಟೂ ಹೂ ಉದುರತಾವ. ವಾಸನಿ ಹೋಗೈತೋ ಇಲ್ಲೋ ಹೇಳಾಕ ನೀ ಏನ್ ಡಾಕ್ಟರ?"

"ಡಾಕ್ಟರ ಅಲ್ರಿ. ಮೂಗ ಐತಲ್ರಿ."

ನಮ್ಮಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರರ ಮುಖ ಕೆಂಪಾಯಿತು. ಉಂಗುರ ಬಿಚ್ಚಿ ಕೊಡು ಎಂದರು. ಆಕೆ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ನನ್ನ ಮುಂದೆ ಹಿಡಿದರು. "ನೀ ಓದಿದಾಕಿ, ನಿನಗ ತಿಳಿತೈತಿ. ಮೊದಲ ಸಾಲ ನೀ ಹಿಡಿ."

ನಾನು ತೆಗೆದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಹೆಮ್ಮೆಯೇ ಆಗಿತ್ತು. ಇಂಗ್ಲಿಷಿನಲ್ಲಿ ನಪಾಸಾದವಳನ್ನು ಓದಿದವಳು ಎಂದು ಕರೆದರಲ್ಲ ಎಂಬ ಹೆಮ್ಮೆ. ನಾನು ಇಳಿದೆ, ನನ್ನ ಹಿಂದೆ ಉಳಿದ ಹನ್ನೊಂದು ಜನರೂ ಇಳಿದರು. ಚಿಗವ್ವ ತನ್ನ ಬುತ್ತಿಯ ಗಂಟು ಎತ್ತಿಕೊಂಡು ಹೋದಳು. ನಾನು ತಲೆಯೆತ್ತಿ ನೋಡಲಿಲ್ಲ.

ಆಮೇಲೆ ಆಕೆಯನ್ನು ಯಾವ ಪ್ಲಾಟಿಗೂ ಕರೆಯಲಿಲ್ಲ. ಆ ಹೆಣ್ಣುಮಗಳು ಕೆಲಸ ಕೆಡಿಸುತ್ತಾಳೆ ಎಂಬ ಮಾತು ಸುತ್ತಲ ಊರುಗಳಲ್ಲೆಲ್ಲ ಹಬ್ಬಿತು. ಹಬ್ಬಿಸಿದವರು ಯಾರೆಂದು ಬೇರೆ ಹೇಳಬೇಕೆ? ಅಷ್ಟು ಚೊಕ್ಕ ಕೈಯ ಹೆಂಗಸು ಕೊನೆಗೆ ಎರಡೆರಡು ಬಸ್ಸು ಹಿಡಿದು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಕೂತಳು. ರಸ್ತೆ ದಾಟಲು ಯಾರ ಕೈ ಹಿಡಿಯುತ್ತಿದ್ದಳೋ... ಒಂದು ಸಲ ರಾಣೇಬೆನ್ನೂರಿನಲ್ಲಿ ಸಿಕ್ಕಿದ್ದಳು. ಒಂದೇ ಸಮ ಕೆಮ್ಮುತ್ತಿದ್ದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇಂಗ್ಲಿಷ್ ಪಾಸಾತೇನ ವಾ?" ಎಂದು ಕೇಳಿದಳು. ಆತು ಎಂದೆ. ಚಲೋ ಆತು ಎಂದು ನನ್ನ ಗಲ್ಲ ಮುಟ್ಟಿದಳು. ಆಗಲಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಸಮಾರಂಭದ ದಿನ ಇದೆಲ್ಲ ಮತ್ತೆ ನೆನಪಾಯಿತು. ಹೆದರಿಕೆಯೇ ಇಲ್ಲದವನು ಅಪಾಯ ಎದುರಿಸಿದರೆ ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು ಎಂದು ಎದ್ದು ನಿಂತು ಆ ಭಾಷಣಕಾರರನ್ನು ಕೇಳಬೇಕೆನಿಸಿತು. ಮೂರು ಸಲ ಬಾಗಿಲಿಗೆ ಹೋಗಿ ಬೇಡಿಕೊಂಡವಳು, ಅಷ್ಟು ಅಂಜುತ್ತಲೇ ಉಂಗುರ ಬಿಚ್ಚಿ ಕೊಟ್ಟವಳು, ಆ ಕೂಲಿಯ ಹೊರತು ಬೇರೆ ದಿಕ್ಕಿಲ್ಲದವಳು ನಿಮ್ಮ ಪಟ್ಟಿಯಲ್ಲಿ ಎಲ್ಲಿದ್ದಾಳೆ ಎಂದು ಕೇಳಬೇಕೆನಿಸಿತು. ಕೇಳಿದೆನೇ? ಇಲ್ಲ. ನಮ್ಮ ಹುಡುಗಿಯರು ವಂದನಾರ್ಪಣೆಯ ಹಾಡು ಹಾಡಿದರು, ನಾನು ತಾಳ ಹಾಕಿದೆ.

ಮರುದಿನ ಭಾನುವಾರ. ಗುತ್ತಲಕ್ಕೆ ಹೋದೆ. ಚಿಗವ್ವನ ಮಗಳನ್ನು ಅಲ್ಲಿಗೆ ಕೊಟ್ಟಿದ್ದಾರೆ. ಚಿಗವ್ವ ಕೊನೆಯ ದಿನಗಳನ್ನು ಕಳೆದದ್ದು ಆ ಮನೆಯಲ್ಲೇ, ತೀರಿಕೊಂಡು ಎರಡು ವರ್ಷವಾಯಿತು. ಮಗಳು ಚಹಾ ತಂದಿಟ್ಟಳು. ಉಂಗುರ ತೆಗೆದುಕೊಂಡವಳು ನಾನೇ ಎಂದು ಅವಳ ಮುಂದೆ ಹೇಳಿಬಿಟ್ಟೆ. ಬೈಯಲಿ ಎಂದೇ ಹೋಗಿದ್ದೆ.

"ಗೊತ್ತೈತಿ ಅಕ್ಕಾ, ಅವ್ವ ಹೇಳಿದ್ಲು" ಎಂದಳು. "ಅವತ್ತ ಅಕಿ ಮನಿಗೆ ಬಂದಿದ್ದಿಲ್ಲ. ನೀವು ಹೊಲ ಬಿಡೂತನಾ ಪಂಪಿನ ಮನಿ ಹಿಂದ ಕುಂತಿದ್ಲು, ಒಂದ ಕೊಡ ನೀರ ತುಂಬಿಟ್ಕೊಂಡು."

ಯಾಕೆ ಎಂದು ಕೇಳಿದೆ.

"ಮೊದಲ ಸಾಲಿನ್ಯಾಕಿಗೇ ಘಾಟ ಜಾಸ್ತಿ ಹೊಡಿತೈತಂತ. ನೀ ಬಿದ್ರ ನೀರ ಹಾಕಿ ಎತ್ತಾಕ ಯಾರರ ಬೇಕಲ್ಲಾ ಅಂತ ಕುಂತಿದ್ಲಂತ."

ಆ ದಿನ ನಾನು ಬೀಳಲಿಲ್ಲ. ತಲೆ ಸಿಡಿಯುತ್ತಿತ್ತು, ಅಷ್ಟೇ. ಕೆಲಸ ಮುಗಿಸಿ ಮನೆಗೆ ಬರುವಾಗ ಎದುರುಮನೆಯ ಬಾಗಿಲಿಗೆ ಬೀಗ ಇದ್ದದ್ದನ್ನು ಕಂಡು, ಮುಖ ತೋರಿಸುವುದು ತಪ್ಪಿತಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆ. ಆಗ ಆಕೆ ನೀರು ಚೆಲ್ಲಿದ ಕೊಡ ಹೊತ್ತುಕೊಂಡು ಇನ್ನೂ ನನ್ನ ಹಿಂದೆಯೇ ನಡೆದು ಬರುತ್ತಿದ್ದಳು ಎಂದು ತಿಳಿದದ್ದು ಈಗ, ಆಕೆ ಇಲ್ಲದ ಮೇಲೆ.