ಹಸನು ಮಾಡಿದ ಅಕ್ಕಿಯಲ್ಲಿ ಒಂದು ಹರಳು

ನನ್ನ ಹೆಸರು ಸಾಬೀರಾ. ಮುದ್ದೇಬಿಹಾಳದ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ, ಯಾರಾದರೂ ತಂದರೆ ಪುಸ್ತಕವನ್ನೂ ಟೈಪ್ ಮಾಡಿ ಅಚ್ಚು ಹಾಕಿಸಿಕೊಡುತ್ತೇನೆ. ಇದು ಸುನೀತಾಳ ಕಥೆ. ಒಳ್ಳೆಯವರು ಎಲ್ಲವನ್ನೂ ಕ್ಷಮಿಸಿಬಿಡುತ್ತಾರಂತೆ. ಸುನೀತಾ ಕ್ಷಮಿಸಲಿಲ್ಲ. ಅದಕ್ಕೇ ಅವಳ ಬಗ್ಗೆ ಬರೆಯಬೇಕೆನಿಸಿತು.

ಸುನೀತಾ ಕುರಿಗಾರರ ಮನೆಯ ಮಗಳು, ಊರಿನ ಕಾಲೇಜಿನ ಗ್ರಂಥಾಲಯದಲ್ಲಿ ತಾತ್ಕಾಲಿಕ ನೌಕರಿ. ಅದೇ ಕಾಲೇಜಿನ ಕನ್ನಡ ವಿಭಾಗದ ಮುಖ್ಯಸ್ಥರು ಬಸಂತರಾಯರು, ತಂಗಡಗಿ ದಾರಿಯ ಹಳ್ಳಿಯೊಂದರ ಗೌಡರ ಮನೆತನದವರು. ನಮ್ಮ ಕಡೆಯ ಮಾತುಗಳದೊಂದು ನಿಘಂಟು ಮಾಡಬೇಕೆಂದು ಅವರ ತಲೆಗೆ ಬಂತು. ತಲೆ ಮಾತ್ರ ಅವರದು, ಕೈಕಾಲು ಸುನೀತಾಳದು. "ಪುಸ್ತಕದ ಮ್ಯಾಲ ನಮ್ಮಿಬ್ಬರ ಹೆಸರೂ ಬರ್ತಾವ" ಎಂದು ಅವರು ಹೇಳಿದ್ದನ್ನು ನಾನೇ ಈ ಕಿವಿಯಿಂದ ಕೇಳಿದ್ದೇನೆ.

ಆರು ವರ್ಷ ಅವಳಿಗೆ ಭಾನುವಾರವೆಂಬುದು ಇರಲಿಲ್ಲ. ಒಂದು ವಾರ ಇಂಡಿ, ಇನ್ನೊಂದು ವಾರ ಸಿಂದಗಿ, ಮತ್ತೊಂದು ವಾರ ಬಸವನ ಬಾಗೇವಾಡಿಯ ಸಂತೆ. ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಮುದುಕಿಯರ ಪಕ್ಕ ಕೂತು ಮಾತಿಗೆಳೆದು, ಒಂದು ಚೀಟಿಗೆ ಒಂದು ಶಬ್ದದಂತೆ ಬರೆದು ತರುತ್ತಿದ್ದಳು. ಶಬ್ದ ಎಲ್ಲಿಂದ ಬಂತು, ಅರ್ಥವೇನು, ಜನ ಹೇಗೆ ಬಳಸುತ್ತಾರೆ ಎಂಬುದಕ್ಕೆ ಒಂದು ವಾಕ್ಯ. ಹೀಗೆ ಆರು ಸಾವಿರ ಚೀಟಿಗಳು ಚಪ್ಪಲಿ ಡಬ್ಬಿಗಳಲ್ಲಿ ತುಂಬಿ ನನ್ನ ಅಂಗಡಿಯ ಅಟ್ಟ ಸೇರಿದವು. ಟೈಪ್ ಮಾಡಿದ್ದು ನಾನು, ಕರಡು ತಿದ್ದಿದ್ದು ಅವಳು. ಬಸಂತರಾಯರು ಒಂದು ಕರಡನ್ನೂ ಮುಟ್ಟಲಿಲ್ಲ. "ಅದು ಕತ್ತಿ ಚಾಕ್ರಿ, ನೀನ ಮಾಡು" ಎನ್ನುತ್ತಿದ್ದರು. ಕರಡು ತಿದ್ದುವುದು ಅವರಿಗೆ ಕತ್ತೆಯ ದುಡಿತ.

ಆ ಚೀಟಿಗಳಲ್ಲಿ ಅವಳಿಗೆ ತೀರಾ ಬೇಕಾದದ್ದು ಒಂದಿತ್ತು. ಬಿಟ್ಟಿ. ಸಂಸ್ಕೃತದ 'ವಿಷ್ಟಿ' ಕನ್ನಡದ ಬಾಯಲ್ಲಿ 'ಬಿಟ್ಟಿ'ಯಾಯಿತು, ಹಳೆಯ ಶಾಸನಗಳಲ್ಲೇ ಅದು ಸಿಗುತ್ತದೆ, ದೊರೆಗೆ ಪ್ರಜೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿತ ಎಂದು ಬರೆದಿದ್ದಳು. ಮುಂದೆ ಫಾರಸಿಯ 'ಬೇಗಾರ' ಬಂದು ಅದರ ಜೊತೆ ಸೇರಿ 'ಬಿಟ್ಟಿ ಬೇಗಾರಿ' ಆಯಿತು. ಬೇಸರದ, ಹೆಸರಿಲ್ಲದ, ಮುಗಿಯದ ಕೆಲಸಕ್ಕೆಲ್ಲ ಜನ ಅದನ್ನೇ ಅಂದರು. ಈಗ ಪುಕ್ಕಟೆ ಸಿಕ್ಕಿದ್ದನ್ನೂ ಬಿಟ್ಟಿ ಎನ್ನುತ್ತೇವೆ. "ಮಾಡಿದವರನ್ನ ಮರತು ತಗೊಂಡವರನ್ನಷ್ಟ ನೆಪ್ಪ ಇಟ್ಟೈತಿ ನೋಡ ಅಕ್ಕಾ ಈ ಶಬ್ದ" ಎಂದಿದ್ದಳು ಒಮ್ಮೆ.

ಆ ಶಬ್ದ ಅವಳಿಗೆ ಸಿಕ್ಕದ್ದು ಸಂತೆಯಲ್ಲಲ್ಲ, ಮನೆಯಲ್ಲಿ. ಅವಳ ಅಜ್ಜಿ ಶೇವಂತೆವ್ವ ಹರೆಯದಲ್ಲಿ ಬಿಟ್ಟಿ ಮಾಡಿದವಳು, ಅದೂ ಇದೇ ಬಸಂತರಾಯರ ಅಜ್ಜನ ವಾಡೆಯಲ್ಲಿ. ಕುರಿಗಾರರ ಒಂದೊಂದು ಮನೆಯಿಂದ ಒಬ್ಬ ಹೆಂಗಸು ಹೋಗಿ ಗೌಡರ ಅಕ್ಕಿ ಹಸನು ಮಾಡಬೇಕಿತ್ತು. ಮೊರದಲ್ಲಿ ಕೇರಿ, ಕಲ್ಲು ಹರಳು ಆರಿಸಿ, ಚೀಲ ತುಂಬಿ ಬರುವುದು. ಆ ಅಕ್ಕಿಯ ಅನ್ನ ಇವರ ಗಂಗಾಳಕ್ಕೆ ಬೀಳುತ್ತಿದ್ದದ್ದು ವರ್ಷಕ್ಕೊಂದೋ ಎರಡೋ ಸಲ.

"ಮತ್ತ ಸುಮ್ನ ಮಾಡ್ತಿದ್ದೇನ ಆಯಿ?" ಎಂದು ನಾನೇ ಮುದುಕಿಯನ್ನು ಕೇಳಿದ್ದೆ.

"ಸುಮ್ನ ಯಾಕ ಮಾಡ್ಲಿ? ಎಲ್ಲಾ ಹಸನ ಮಾಡಿ, ಚೀಲಕ್ಕೊಂದು ಹರಳ ತಿರುಗಿ ಹಾಕ್ತಿದ್ದೆ. ಛಲೋ ಬೆಳ್ಳಗಿಂದು, ಅಕ್ಕಿಯಂಥಾದ್ದು ನೋಡಿ. ಒಂದಿನಾ ಗೌಡನ ಹಲ್ಲ ಮುರೀತು. ಸಾಯೂತನಾ ಎಡಗಡೆ ಅಗೀಲಿಲ್ಲ ಆಂವ" ಎಂದು ಅವಳು ತನ್ನ ಬೊಚ್ಚು ಬಾಯಿ ತೆರೆದು ನಕ್ಕಳು. ಆ ನಗು ನನಗೆ ಬಹಳ ಹಿಡಿಸಿತು.

ಕೊನೆಗೆ ಬಸಂತರಾಯರು ಮುಖಪುಟದ ಬರಹ ಕಳಿಸಿದರು. 'ಸಂಪಾದಕರು: ಪ್ರೊ. ಬಸಂತರಾಯ.' ಅಷ್ಟೇ. ಮುನ್ನುಡಿಯಲ್ಲಿ ಹೆಂಡತಿಗೆ, ಬೀಗರಿಗೆ, ಕಾರಿನ ಡ್ರೈವರಿಗೂ ಕೃತಜ್ಞತೆ. ಕಡೆಯಲ್ಲಿ 'ಚೀಟಿ ಜೋಡಿಸಿಕೊಟ್ಟ ಗ್ರಂಥಾಲಯದ ಹುಡುಗಿ' ಎಂದಿತ್ತು. ಮೂವತ್ನಾಲ್ಕು ವರ್ಷದ ಹೆಂಗಸು ಹುಡುಗಿಯಂತೆ! ನನ್ನ ಮೈಯೆಲ್ಲ ಉರಿಯಿತು.

ಸುನೀತಾ ಅದನ್ನು ಹಿಡಿದುಕೊಂಡು ಕಾಲೇಜಿಗೆ ಹೋದಳು. ಒಂದು ತಾಸಿನಲ್ಲಿ ತಿರುಗಿ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು.

"ಏನಂದ್ರ?"

"'ನಿಮ್ಮ ಆಯಿ ನಮ್ಮ ವಾಡೇದಾಗ ಅಷ್ಟ ವರ್ಷ ಬಿಟ್ಟಿ ಮಾಡಿದ್ಲು, ಯಾವಾಗರ ಹೆಸರ ಕೇಳಿದ್ಲೇನ?' ಅಂತ ಕೇಳಿ ನಕ್ಕರು ಅಕ್ಕಾ. ಆಮ್ಯಾಲ, ಬಿಡುಗಡೆ ಕಾರ್ಯಕ್ರಮಕ್ಕ ಆಯಿನ್ನ ಕರಕೊಂಡ ಬಾ ಅಂದ್ರು. ಹಳ್ಳಿ ಮುದುಕಿ ಒಂದು ಶಬ್ದ ಹೇಳಬೇಕಂತ, ಇವರು ಅದರ ಅರ್ಥ ಓದಿ ತೋರಸ್ತಾರಂತ. ಪೇಪರಿನವರು ಫೋಟೋ ತಗೀತಾರಂತ."

ಅದೇ ಅವರು ಮಾಡಿದ ತಪ್ಪು. ಕರೆದರೆ ಬರುವ ಮುದುಕಿ ಅವರಿಗೆ ಗೊತ್ತಿದ್ದದ್ದು ಅವಳೊಬ್ಬಳೇ, ಆ ಮನೆಯವರನ್ನು ಬರುತ್ತೀರಾ ಎಂದು ಕೇಳುವ ರೂಢಿಯೇ ಅವರಿಗಿರಲಿಲ್ಲ. ಸುನೀತಾ 'ಬ' ಅಕ್ಷರದ ಕಡೆಯ ಕರಡು ಎಳೆದುಕೊಂಡಳು. 'ಬಿಟ್ಟಿ'ಯ ಕೆಳಗಿದ್ದ ವಾಕ್ಯ ಹೊಡೆದುಹಾಕಿ ಹೊಸದೊಂದು ಬರೆದಳು.

ಓದಿ ನನ್ನ ಕೈ ತಡೆಯಿತು. "ನೌಕರಿ ಹೋಗತೈತಿ ನಿಂದು."

"ಹೋಗ್ಲಿ. ಅವರು ಕರಡ ನೋಡಂಗಿಲ್ಲ. ಟೈಪ್ ಮಾಡ ಅಕ್ಕಾ."

ಮಾಡಿದೆ. ಒಂದು ಅಕ್ಷರವೂ ತಪ್ಪದ ಹಾಗೆ ಮಾಡಿದೆ. ಐದು ನೂರು ಪ್ರತಿ ಅಚ್ಚಾದವು.

ಕಾಲೇಜಿನ ಸಭಾಂಗಣ ತುಂಬಿತ್ತು. ಹಾರ, ಶಾಲು, ಭಾಷಣ ಎಲ್ಲ ಆದ ಮೇಲೆ ಬಸಂತರಾಯರು ಮೈಕಿನ ಮುಂದೆ ಬಂದರು. ಶೇವಂತೆವ್ವನನ್ನು ವೇದಿಕೆಗೆ ಹತ್ತಿಸಿ, "ನೋಡವ್ವಾ, ನಿನಗ ಯಾವ ಶಬ್ದ ಬೇಕು ಹೇಳು" ಎಂದರು.

"ಬಿಟ್ಟಿ" ಎಂದಳು ಮುದುಕಿ, ಹಿಂದಿನ ಸಾಲಿಗೂ ಕೇಳುವ ಹಾಗೆ.

ಬಸಂತರಾಯರು ಪುಟ ತಿರುವಿ, ಗಂಟಲು ಸರಿಮಾಡಿಕೊಂಡು ತಮ್ಮ ಪಾಠದ ಧ್ವನಿಯಲ್ಲಿ ಓದಿದರು. ವಿಷ್ಟಿ ಓದಿದರು, ಶಾಸನ ಓದಿದರು, ಬೇಗಾರ ಓದಿದರು. ಆಮೇಲೆ ಅದೇ ಭರದಲ್ಲಿ, "ಪ್ರಯೋಗ: ಶೇವಂತೆವ್ವ ಬಸಂತರಾಯರ ಅಜ್ಜನ ವಾಡೇದಾಗ ಅಕ್ಕಿ ಹಸನ ಮಾಡಿ ಬಿಟ್ಟಿ ಮಾಡಿದ್ಲು, ಆಕಿ ಮೊಮ್ಮಗಳು ಸುನೀತಾ ಈ ನಿಘಂಟಿನ ಆರು ಸಾವಿರ ಶಬ್ದ ಕೂಡಿಸಿ ಬಸಂತರಾಯರಿಗೆ..." ಎಂದು ಓದಿ ನಿಂತುಬಿಟ್ಟರು. ಬಾಯಿ ತೆರೆದೇ ಇತ್ತು. ಸಭಾಂಗಣದಲ್ಲಿ ಪುಟ ತಿರುವುವ ಸದ್ದು ಕೇಳಿಸಿತು. ಪುಸ್ತಕ ಕೈಯಲ್ಲಿದ್ದವರೆಲ್ಲ ಉಳಿದದ್ದನ್ನು ತಾವೇ ಓದಿಕೊಂಡರು.

ಶೇವಂತೆವ್ವ ಮೈಕಿನ ಹತ್ತಿರ ಬಗ್ಗಿ ಬಹಳ ವಿನಯದಿಂದ ಕೇಳಿದಳು: "ಯಾಕ್ರೀ ಸಣ್ಣ ಗೌಡ್ರ, ಬಾಯಾಗ ಹರಳ ಬಂತೇನ್ರಿ?"

ಮರುವಾರ ಸುನೀತಾಳ ನೌಕರಿ ಹೋಯಿತು. ಆಲಮಟ್ಟಿ ಕಡೆಯ ಒಂದು ಸಾಲೆಯಲ್ಲಿ ಬೇರೆ ಕೆಲಸ ಹುಡುಕಿಕೊಂಡಳು. ಒಂದು ಹನಿ ಕಣ್ಣೀರನ್ನೂ ಅವಳು ಹಾಕಲಿಲ್ಲ, ನಾನೂ ಸಮಾಧಾನ ಹೇಳಲು ಹೋಗಲಿಲ್ಲ.

ಬಸಂತರಾಯರು ನನ್ನ ಅಂಗಡಿಗೆ ಬಂದರು. ಇನ್ನೂ ಹಂಚದ ಮುನ್ನೂರು ಪ್ರತಿಗಳು ನನ್ನ ಹಿಂದಿನ ಕೋಣೆಯಲ್ಲಿದ್ದವು. ಅವುಗಳಿಂದ ಆ ಒಂದು ಹಾಳೆ ಕತ್ತರಿಸಿ ತೆಗೆಯಬೇಕಿತ್ತು.

"ನೀನ ಕತ್ತರಿಸಿ ಕೊಡು, ಇಲ್ಲಾ ಯಾರನರ ಹಚ್ಚು" ಎಂದರು.

"ಕತ್ತಿ ಚಾಕ್ರಿ ಐತ್ರಿ ಸರ ಅದು. ನನ್ನ ಕಡಿಂದ ಆಗಂಗಿಲ್ರಿ" ಎಂದು ಹೇಳಿ ಒಂದು ಬ್ಲೇಡು ಕೊಟ್ಟೆ. ಮೂರು ದಿನ ನೆಲದ ಮೇಲೆ ಕೂತು ಮುನ್ನೂರು ಪುಸ್ತಕಗಳ ಹಾಳೆಯನ್ನು ಒಂದೊಂದಾಗಿ ಕತ್ತರಿಸಿದರು. ಚಹಾ ಬೇಕೇನೆಂದು ನಾನು ಕೇಳಲಿಲ್ಲ. ಕತ್ತರಿಸಿದ ಹಾಳೆಗಳನ್ನು ಮೂಲೆಯಲ್ಲಿ ಬಿಟ್ಟು, "ಇವನ್ನ ಏನರ ಮಾಡು" ಎಂದು ಸೊಂಟ ಹಿಡಿದುಕೊಂಡು ಹೋದರು.

ಏನಾದರೂ ಮಾಡು ಎಂದರಲ್ಲ, ಮಾಡಿದೆ. ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾ ಮಾರುವ ಬಾಬುಲಾಲನನ್ನು ಕರೆದು ಆ ಕಟ್ಟನ್ನು ಹಾಗೇ ಕೊಟ್ಟೆ. ಪೊಟ್ಟಣ ಕಟ್ಟುವಾಗ 'ಬಿಟ್ಟಿ' ಇರುವ ಮಗ್ಗಲು ಹೊರಗೆ ಬರಲಿ ಎಂದು ಹೇಳಿದೆ. ಇಂಡಿ, ಸಿಂದಗಿ, ಬಾಗೇವಾಡಿ ಬಸ್ ಹತ್ತಿದ ಜನ ವಾರಗಟ್ಟಲೆ ಶೇಂಗಾ ತಿನ್ನುತ್ತ ಅದನ್ನು ಓದಿದರು. ಸುನೀತಾಳ ಹೆಸರು ಅಚ್ಚಾಗಿದ್ದದ್ದು ಆ ಒಂದು ಹಾಳೆಯಲ್ಲಿ ಮಾತ್ರ. ಬಸಂತರಾಯರ ಪುಸ್ತಕ ಕಾಲೇಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ, ಆ ಹಾಳೆಯನ್ನು ಮಾತ್ರ ಮುದ್ದೇಬಿಹಾಳವೂ ಸೇರಿ ನಾಲ್ಕೂ ತಾಲ್ಲೂಕು ಓದಿತು.