ಪಾರಿಸನ ಹಲ್ಲು ಹಿಡಿದ ಅಡ್ಡದಾರಿ

ನನ್ನ ಗೆಳೆಯ ಪಾರಿಸ ಎದೆನೋವಿನಿಂದ ತೀರಿಕೊಂಡು ಮೂರು ವಾರವಾಯಿತು. ಅವನ ಫೋನು ಈಗಲೂ ಬಡಿದುಕೊಳ್ಳುತ್ತದೆ. ರಾಯಬಾಗದವರೋ ಯಡೂರಿನವರೋ ಕುಸ್ತಿಗೆ ತಾರೀಖು ಕೇಳುತ್ತಾರೆ. ಹೆಂಡತಿ ಪ್ರಾಜಕ್ತಾ ಸುದ್ದಿ ಹೇಳಿ, ಅವರನ್ನೇ ಸಮಾಧಾನ ಮಾಡಿ ಫೋನಿಡುತ್ತಾಳೆ.

ಕಾಗವಾಡದಲ್ಲಿ ಅವನಿಗೆ ಕಬ್ಬಿನ ಹೊಲವಿತ್ತು. ಆದರೆ ಜನ ಅವನನ್ನು ಗುರುತಿಸುತ್ತಿದ್ದುದು ಕುಸ್ತಿ ಮೈದಾನದ ದನಿಯಿಂದ. ಮೈಕು ಹಿಡಿದು ಕುಸ್ತಿಯ ವಿವರಣೆ ಹೇಳುತ್ತ, ಕನ್ನಡದಲ್ಲಿ ಶುರುವಾದ ಮಾತನ್ನು ಮರಾಠಿಯಲ್ಲಿ ಮುಗಿಸಿ, ಕೂತವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಐವತ್ತರ ಹತ್ತಿರ ಬಂದಾಗ ಮೇಲಿನದೊಂದು ಹಲ್ಲು ಒಳಕ್ಕೆ ವಾಲಿ ನಾಲಿಗೆಗೆ ತಾಗತೊಡಗಿತು. ಮಾತು ತೊಡರಿದರೆ ಮೈಕು ಹೋಗುತ್ತದೆ ಎಂಬ ಭಯ ಅವನಿಗೆ. ನಿಪ್ಪಾಣಿಯ ಹಲ್ಲಿನ ಡಾಕ್ಟರು ತಂತಿ ಬೇಡವೆಂದು ಅಲೈನರ್ ಕೊಟ್ಟರು. ಹಲ್ಲಿನ ಮೇಲೆ ಕೂತು ಅದನ್ನು ಮೆಲ್ಲಗೆ ನೆಟ್ಟಗೆ ತಳ್ಳುವ, ಕಣ್ಣಿಗೆ ಕಾಣದಷ್ಟು ತೆಳು ಪ್ಲಾಸ್ಟಿಕ್ ಅಚ್ಚು. ಊಟಕ್ಕೆ ಮಾತ್ರ ತೆಗೆಯಬೇಕು, ತಣ್ಣೀರಲ್ಲಿ ತೊಳೆಯಬೇಕು.

ಎಲ್ಲ ನೆಟ್ಟಗೇ ನಡೆದಿತ್ತು, ಜೈನರ ದಶಲಕ್ಷಣ ಪರ್ವ ಬರುವವರೆಗೆ. ಆ ದಿನಗಳಲ್ಲಿ ಪಾರಿಸನದು ಒಪ್ಪತ್ತಿನ ಊಟ. ಕಾಸದ ನೀರನ್ನು ಬಾಯಿಗೆ ಮುಟ್ಟಿಸುತ್ತಿರಲಿಲ್ಲ. ಕುಡಿಯುವ ನೀರು ಕಾಸಿದ್ದಾದರೆ, ಬಾಯೊಳಗೆ ಕೂರುವುದನ್ನು ಹಸಿ ನೀರಲ್ಲಿ ತೊಳೆಯುವುದು ಹೇಗೆ ಎಂದು ಯೋಚಿಸಿ, ಅಚ್ಚನ್ನು ಕುದಿಯುವ ಪಾತ್ರೆಗೇ ಅದ್ದಿದ. ಅದು ಸೊಟ್ಟಗಾಯಿತು. ಹಾಕಿಕೊಂಡರೆ ಬಿಗಿ. ಬಿಗಿಯಾದರೆ ಕೆಲಸ ಮಾಡುತ್ತಿದೆ ಎಂದು ಹಿಗ್ಗಿದ. ಪರ್ವ ಮುಗಿದ ಮೇಲೂ ಅದೇ ರೂಢಿ. ನೋಡನೋಡುತ್ತ, ಸರಿಯಾಗಬೇಕಿದ್ದ ಹಲ್ಲು ಇದ್ದಲ್ಲೇ ಉಳಿಯಿತು, ಪಕ್ಕದ ಒಳ್ಳೆಯ ಹಲ್ಲು ಹೊರಗೆ ಹೊರಟಿತು. 'ಸ' ಎಂದರೆ ಸೀಟಿ ಬರುತ್ತಿತ್ತು.

ಡಾಕ್ಟರು ಅಚ್ಚನ್ನು ತಿರುಗಿಸಿ ನೋಡಿ, ಕುದಿಸಿದಿರಾ ಎಂದು ಕೇಳಿದರು.

"ಹೌದ್ರಿ, ವ್ರತ ಇತ್ರಿ."

"ಕಾಸಿ ಆರಿಸಿದ ನೀರಾಗ ತೊಳದಿದ್ರ ವ್ರತಾನೂ ಉಳೀತಿತ್ತು, ಹಲ್ಲೂ ಉಳೀತಿತ್ತಲ್ರಿ."

ಇದನ್ನು ಪಾರಿಸ ಊರಿಗೆಲ್ಲ ತಾನೇ ಹೇಳಿಕೊಂಡು ನಕ್ಕ. ಆದರೆ ಹೊಸ ಅಳತೆ, ಹೊಸ ಅಚ್ಚು ಎಂದರೆ ತಿಂಗಳುಗಟ್ಟಲೆಯ ಮಾತು. ಅಥಣಿಯ ಕುಸ್ತಿ ಮೈದಾನ ಮುಂದಿನ ವಾರವೇ ಇತ್ತು. ಅದನ್ನು ನಡೆಸುವ ರಾಜಾರಾಮ ಸಾಂಗಲಿಯಿಂದ ಬೇರೊಬ್ಬನನ್ನು ಕರೆಸಿ, "ಈ ವರ್ಷ ಕುಂತ ನೋಡಪಾ" ಎಂದ. ಒಂದೇ ಒಂದು ಜೋಡಿಯ ಕುಸ್ತಿ ನನಗೆ ಬಿಡು ಎಂದು ಪಾರಿಸ ಕೇಳಿಕೊಂಡ.

ಆ ದಿನ ಅವನು ಕೂಗಿದ ಮೊದಲ ಪೈಲವಾನನ ಹೆಸರಿಗೇ ಲೌಡ್‌ಸ್ಪೀಕರಿನಲ್ಲಿ ಸೀಟಿ ಹೊಡೆಯಿತು. ಮೈದಾನವೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿದೆ. ನಗು ಇಳಿಯುವ ತನಕ ಕಾದು ಅವನು ಹೇಳಿದ:

"ನನ್ನ ಬಾಯಾಗೂ ಇಬ್ರು ಪೈಲವಾನ್ರು ಅದಾರ್ರಿ. ಆಡು ಅಂದ್ರ ಒಬ್ಬಾಂವ ಅಲ್ಲೇ ನಿಂತಾನ, ಸುಮ್ನ ಇರು ಅಂದ್ರ ಇನ್ನೊಬ್ಬಾಂವ ಆಖಾಡಾ ಬಿಟ್ಟ ಓಡಾಕತ್ತಾನ."

ಆಮೇಲೆ ಪಟ್ಟು ಬಿಗಿಯಾದಲ್ಲೆಲ್ಲ ಬೇಕೆಂದೇ 'ಶಾಬಾಸ್' ಎಂದು ಸೀಟಿ ಎಳೆದ. ಜೋಡಿ ಮುಗಿದು ಮೈಕು ಹಿಂದಿರುಗಿಸಲು ಹೋದರೆ ಜನ ಬಿಡಲಿಲ್ಲ. ಸಾಂಗಲಿಯವನೂ ನಕ್ಕು, ಇನ್ನೊಂದು ಜೋಡಿ ನೀವೇ ಹೇಳಿ ಎಂದು ಪಕ್ಕಕ್ಕೆ ಸರಿದು ಕೂತ. ಕೊನೆಯ ಜೋಡಿಯವರೆಗೂ ಅವನು ಮತ್ತೆ ಮೈಕಿಗೆ ಏಳಲೇ ಇಲ್ಲ.

ಹೊಸ ಅಚ್ಚು ಬಂದು, ಮುಂದಿನ ಯುಗಾದಿಯ ಹೊತ್ತಿಗೆ ಎರಡೂ ಹಲ್ಲು ತಮ್ಮ ಜಾಗಕ್ಕೆ ಮರಳಿದವು. ನನ್ನ ಮನಸ್ಸು ಮಾತ್ರ ಅಥಣಿಯ ಆ ಸಂಜೆಗೇ ಹೋಗುತ್ತದೆ. ಕೊನೆಯ ಕುಸ್ತಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಜೈನರ ನೇಮದಂತೆ, ಮುಳುಗಿದ ಮೇಲೆ ಪಾರಿಸ ಉಣ್ಣುವವನಲ್ಲ. ರಾಜಾರಾಮ ಬಡಿಸಿದ ತಾಟಿಗೆ ಕೈಮುಗಿದು, ನನ್ನ ಬೈಕಿನ ಹಿಂದೆ ಹತ್ತಿದ. ಖಾಲಿ ಹೊಟ್ಟೆಯಲ್ಲೇ, ಕಾಗವಾಡ ಬರುವವರೆಗೂ, ಅಷ್ಟೂ ಕುಸ್ತಿಗಳನ್ನು ನನ್ನ ಬೆನ್ನಿಗೆ ಇನ್ನೊಮ್ಮೆ ಹೇಳಿದ.