ನೂಕಿಕೊಂಡು ಹೋದ ಸೈಕಲ್ಲು

ಮೊಮ್ಮಗಳ ಸೈಕಲ್ಲಿನ ಪಂಕ್ಚರ್ ತೆಗೆಸಲು ಹೋಗಿದ್ದೆ. ಅಂಗಡಿಯವನು ಸಲ್ಯೂಶನ್ ಟ್ಯೂಬಿನ ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ನಮ್ಮ ಪುರಸಭೆಯ ಹಳೆಯ ಅಧ್ಯಕ್ಷರು ನೆನಪಾಗಿ ನಕ್ಕುಬಿಟ್ಟೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ ಬಿಡಿ, ನಿಮಗಾದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನು ಇಳಕಲ್ಲಿನ ಪುರಸಭೆಯಲ್ಲಿ ಹೊಸ ಗುಮಾಸ್ತ. ನೇಕಾರರು ನೂಲಿನ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ತಗ್ಗುದಿನ್ನೆಗಳಲ್ಲಿ ಕುಲುಕಾಡುತ್ತ ಹೋಗುವುದನ್ನು ನೋಡಿದರೆ ನಮ್ಮ ಸೊಂಟವೇ ನೋಯಬೇಕು. ಅವರಿಗಾಗಿ ಪೇಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಸೈಕಲ್ಲಿಗೆಂದೇ ಡಾಂಬರು ಹಾದಿ ಆಗಬೇಕೆಂದು ಅಧ್ಯಕ್ಷರು ಹಟ ಹಿಡಿದರು. "ಮೋಟಾರು ಬರೂ ಕಾಲದಾಗ ಸೈಕಲ್ಲಿಗೆ ರೊಕ್ಕ ಸುರೀತಾರ" ಎಂದು ಒಬ್ಬ ಸದಸ್ಯರು ಗೊಣಗಿದರು. ಅಧ್ಯಕ್ಷರು ಜೀಪು ಬಿಟ್ಟು ತಾವೇ ಸೈಕಲ್ಲು ಕೊಂಡರು. ನಾನೂ ಕೊಂಡೆ; ಸಾಹೇಬರ ಮೆಚ್ಚುಗೆ ಯಾರಿಗೆ ಬೇಡ?

ದಿನಾ ಇಬ್ಬರೂ ಸೈಕಲ್ಲು ನೂಕಿಕೊಂಡು ಕಚೇರಿಗೆ ಹೋಗುತ್ತಿದ್ದೆವು. ನನಗೋ ಹತ್ತಲು ಬರುತ್ತಿರಲಿಲ್ಲ. ಇಷ್ಟು ದೊಡ್ಡವರು ನನ್ನ ಜೊತೆ ಮಾತಾಡಲೆಂದೇ ನಡೆಯುತ್ತಾರಲ್ಲ ಎಂದು ಕರಗಿಹೋಗುತ್ತಿದ್ದೆ. ಅವರು ಪ್ರತಿ ತಗ್ಗಿನ ಮುಂದೆಯೂ ನಿಂತು, "ಬರ್ಕೋಪಾ ಇದನ್ನ" ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಹಾದಿ ಆಯಿತು. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿದ ಕೂಡಲೇ ಆ ಸದಸ್ಯರು ಎದ್ದು, "ಹತ್ರಿ ಅಧ್ಯಕ್ಷರ, ನೀವ ಮೊದಲ ಹೊಡೀರಿ" ಎಂದರು. ಅಧ್ಯಕ್ಷರ ಮುಖ ಬಿಳಿಚಿತು. ನನ್ನ ಕಿವಿಯಲ್ಲಿ, "ಲೇ, ನೀ ಹತ್ತೋ" ಎಂದರು.

"ನನಗ ಬರೂದಿಲ್ರಿ."

"ಮತ್ತ ದಿನಾ ನೂಕ್ತಿದ್ದಿ?"

"ನೀವು ನಡಕೋತ ಬರ್ತೀರಂತ..."

"ಅಯ್ಯೋ ಮಾರಾಯಾ, ನನಗೂ ಬರೂದಿಲ್ಲೋ!"

ಇನ್ನೂ ಎರಡು ಓಣಿಗಳಲ್ಲಿ ಇಂಥದೇ ಹಾದಿಗೆ ಮಂಜೂರಾತಿ ಬಾಕಿ ಇತ್ತು. ಇವತ್ತು ನಗೆಪಾಟಲಾದರೆ ಅದೆಲ್ಲ ಅಲ್ಲಿಗೇ ಮುಗಿಯಿತು. ಅವರು ಮೈಕು ಹಿಡಿದರು.

"ಖರೆ ಹೇಳ್ತೇನಿ. ನನಗ ಸೈಕಲ್ ಹೊಡಿಯಾಕ ಬರೂದಿಲ್ಲ. ಬರ್ತಿದ್ರ ತಗ್ಗು ತಪ್ಪಿಸಿಕೊಂಡು ಹೋಗಿಬಿಡ್ತಿದ್ದೆ. ನೂಕ್ಕೋತ ಹೋಗಿದ್ದಕ್ಕ ಎಲ್ಲಾ ಕಂಡ್ವು. ಇನ್ನ ನೀವ ಕಲಿಸ್ರಿ."

ಜನ ಬಿದ್ದು ಬಿದ್ದು ನಕ್ಕರು. ಮುದಿ ನೇಕಾರರೊಬ್ಬರು ಮುಂದೆ ಬಂದು ಸೀಟು ಹಿಡಿದು, "ಹತ್ರಿ ಎಪ್ಪಾ, ನಾ ಅದೇನಿ" ಎಂದರು. ಅಧ್ಯಕ್ಷರು ಎರಡು ಸಲ ಬಿದ್ದರು, ಧೋತರ ಹರಿಯಿತು. ಮುಂದಿನ ಸಭೆಯಲ್ಲಿ ಎರಡೂ ಓಣಿಗಳು ಮಂಜೂರಾದವು; ಗೊಣಗಿದ ಸದಸ್ಯರೂ ಕೈ ಎತ್ತಿದರು. ಸಂತೋಷಕ್ಕೆ ನಾನು ಆ ಮಂಜೂರಾತಿಯ ಠರಾವನ್ನು ಎರಡು ಸಲ ನಕಲು ಮಾಡಿದೆ. ಅದೇ ಹಾದಿಯಲ್ಲಿ ನಾವಿಬ್ಬರೂ ಸೈಕಲ್ಲು ಕಲಿತೆವು. ಕಲಿತ ಮೇಲೂ ಅವರು ವಾರಕ್ಕೊಂದು ದಿನ ಇಳಿದು ನೂಕಿಕೊಂಡೇ ಬರುತ್ತಿದ್ದರು.

"ಆತ್ರಿ ಅಜ್ಜಾರ, ಹತ್ತಿ ಹೋಗ್ರಿ" ಎಂದ ಅಂಗಡಿಯವನು. ನಾನು ಹತ್ತಲಿಲ್ಲ. ನೂಕುತ್ತ ಬಂದೆ. ನಮ್ಮ ಓಣಿಯಲ್ಲೇ ಐದು ತಗ್ಗು! ಇಷ್ಟು ವರ್ಷ ಸ್ಕೂಟರಿನ ಮೇಲೆ ಅವನ್ನೆಲ್ಲ ಜಾಣತನದಿಂದ ಸುತ್ತುಹಾಕಿ ಹೋಗಿದ್ದೇನೆ, ನಾಚಿಕೆಯಾಯಿತು. ಕಿಸೆಯಲ್ಲಿದ್ದ ಚೀಟಿಯ ಮೇಲೆ ಬರೆದುಕೊಂಡು, ಮನೆಯ ಕಡೆ ತಿರುಗದೆ ಸೀದಾ ಪುರಸಭೆಗೆ ಹೋದೆ.

ಚೀಟಿ ಓದಿದ ಗುಮಾಸ್ತೆ ಹುಡುಗಿ ತಲೆಯೆತ್ತಿ, "ಇಷ್ಟೆಲ್ಲಾ ಹೆಂಗ ನೋಡಿದ್ರಿ? ಸೈಕಲ್ ಮ್ಯಾಲ ಬಂದ್ರೇನು?" ಎಂದಳು.

"ಇಲ್ಲವ್ವಾ," ಎಂದೆ, "ನೂಕ್ಕೋತ ಬಂದೇನಿ."